ಡಾ. ಹೆನ್ರಿ ಬೆನ್ಸ್ ಜೋನ್ಸ್: ಮೂತ್ರದಲ್ಲಿ ಮೂಳೆರೋಗದ ಸುಳಿವು ಕಂಡ ವೈದ್ಯ

ರೋಗನಿದಾನ ಪ್ರಯೋಗಾಲಯಗಳಲ್ಲಿ ದಿನನಿತ್ಯ ಕೇಳಿಬರುವ ಹೆಸರುಗಳ ಪೈಕಿ ಬೆನ್ಸ್ ಜೋನ್ಸ್ ಎಂಬುದೂ ಒಂದು. ಬಿಡದೆ ಕಾಡುವ ಬೆನ್ನುನೋವು, ಕಾರಣ ತಿಳಿಯದ ರಕ್ತಹೀನತೆ, ಮೂತ್ರಪಿಂಡದ ತೊಂದರೆ ಒಬ್ಬರಲ್ಲೇ ಒಟ್ಟಾಗಿ ಕಾಣಿಸಿಕೊಂಡಾಗ ವೈದ್ಯರು ಮೂತ್ರದಲ್ಲಿ ಬೆನ್ಸ್ ಜೋನ್ಸ್ ಪ್ರೋಟೀನ್ ಇದೆಯೇ ಎಂದು ಪರೀಕ್ಷಿಸಲು ಚೀಟಿ ಬರೆಯುವುದುಂಟು. ಆ ಚೀಟಿಯನ್ನು ಹಿಡಿದು ಹೋಗುವ ಬಹುತೇಕರಿಗೆ ಅದು ಯಾರ ಹೆಸರೆಂಬುದು ತಿಳಿದಿರಲಾರದು. ಬೆನ್ಸ್ ಮತ್ತು ಜೋನ್ಸ್ ಎಂಬ ಇಬ್ಬರು ವಿಜ್ಞಾನಿಗಳಿದ್ದರೆಂದು ಭಾವಿಸಿದರೂ ಅಚ್ಚರಿಯಿಲ್ಲ.

ವಾಸ್ತವದಲ್ಲಿ ಅದು ಒಬ್ಬನೇ ವ್ಯಕ್ತಿಯ ಹೆಸರು. ಡಾ. ಹೆನ್ರಿ ಬೆನ್ಸ್ ಜೋನ್ಸ್ ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರದ ಪ್ರಸಿದ್ಧ ವೈದ್ಯರು, ರಸಾಯನಶಾಸ್ತ್ರಜ್ಞರು. 1845ರಲ್ಲಿ ಅವರ ಕೈಸೇರಿದ ಒಂದು ಪ್ರಯೋಗನಾಳದಿಂದ ಕ್ಯಾನ್ಸರ್ ಪತ್ತೆಯ ಇತಿಹಾಸದಲ್ಲಿ ಹೊಸದೊಂದು ಅಧ್ಯಾಯ ತೆರೆಯಿತು. ದೇಹದ ದ್ರವವೊಂದರಲ್ಲಿ ರಾಸಾಯನಿಕ ಪರೀಕ್ಷೆಯಿಂದ ಗುರುತಿಸಲಾದ ಮೊಟ್ಟಮೊದಲ ಕ್ಯಾನ್ಸರ್ ಸೂಚಕವೆಂದು ಅವರು ಕಂಡ ವಸ್ತುವನ್ನು ವೈದ್ಯಲೋಕ ಪರಿಗಣಿಸುತ್ತದೆ. ರೋಗ ಇನ್ನೂ ತಲೆಯೆತ್ತದಿರುವಾಗಲೇ ತೀವ್ರ ಚಿಕಿತ್ಸೆ ಆರಂಭಿಸಬೇಕೇ, ಕಾದು ನೋಡಬೇಕೇ ಎಂಬ ಇಂದಿನ ಚರ್ಚೆಯ ಬೇರು ಕೂಡ ಅದೇ ಪ್ರಯೋಗನಾಳದಲ್ಲಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹೆನ್ರಿ ಬೆನ್ಸ್ ಜೋನ್ಸ್ ಜನಿಸಿದ್ದು 1813ರ ಡಿಸೆಂಬರ್ 31ರಂದು, ಇಂಗ್ಲೆಂಡಿನ ಸಫೋಕ್ ಪ್ರಾಂತದ ಯಾಕ್ಸ್‌ಫರ್ಡ್ ಸಮೀಪದ ಥೋರಿಂಗ್ಟನ್ ಹಾಲ್ ಎಂಬ ಮನೆಯಲ್ಲಿ. ಬೆನ್ಸ್ ಎಂಬುದು ತಾಯಿಯ ಮನೆತನದ ಹೆಸರು. ತಂದೆ ವಿಲಿಯಂ ಜೋನ್ಸ್ ಅಶ್ವದಳದ ಸೇನಾಧಿಕಾರಿ. ಸ್ಥಿತಿವಂತ ಕುಟುಂಬದ ಮಗನಿಗೆ ಹ್ಯಾರೋ ಶಾಲೆಯಲ್ಲಿ, ಅನಂತರ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ವಿದ್ಯಾಭ್ಯಾಸವಾಯಿತು.

ಪದವಿ ಪಡೆದಾಗ ಅವರ ಮುಂದಿದ್ದ ದಾರಿ ಚರ್ಚಿನ ಪಾದ್ರಿಯಾಗುವುದು. ಆದರೆ ಅವರ ಮನಸ್ಸು ಅದಕ್ಕೆ ಒಗ್ಗಲಿಲ್ಲ. ವೈದ್ಯಕೀಯದ ಕಡೆ ಹೊರಳಿದರು. ಮೊದಲು ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಔಷಧಶಾಲೆಯಲ್ಲಿ ಕುಳಿತು ಔಷಧಗಳನ್ನು ಅರೆಯುವ, ಬೆರೆಸುವ, ತೂಗಿ ಕೊಡುವ ಕೆಲಸ ಕಲಿತರು. 1838ರಲ್ಲಿ ಅದೇ ಆಸ್ಪತ್ರೆಯ ವಿದ್ಯಾರ್ಥಿಯಾದರು. ತಕ್ಕಡಿ ಹಿಡಿದು ಆರಂಭವಾದ ಈ ವೈದ್ಯ ಬದುಕಿನಲ್ಲಿ ತೂಗುವ, ಅಳೆಯುವ ಅಭ್ಯಾಸ ಕೊನೆಯವರೆಗೂ ಉಳಿಯಿತು.

ವಿದ್ಯಾರ್ಥಿಯಾಗಿದ್ದಾಗಲೇ ಅವರಿಗೆ ಸಂಧಿವಾತದ ಜ್ವರ ಬಂದಿತು. ಜ್ವರವೇನೋ ಇಳಿಯಿತು, ಆದರೆ ಹೃದಯಕ್ಕೆ ಹಾನಿ ಮಾಡಿಯೇ ಹೋಯಿತು. ಮುಂದಿನ ಮೂರು ದಶಕಗಳ ಅವರ ಸಾಧನೆಯೆಲ್ಲ ಈ ದುರ್ಬಲ ಹೃದಯದೊಂದಿಗೆ ನಡೆದದ್ದೆಂಬುದನ್ನು ಮರೆಯುವಂತಿಲ್ಲ.

ಆ ಕಾಲದ ವೈದ್ಯಕ್ಕೆ ರಸಾಯನಶಾಸ್ತ್ರ ಅಷ್ಟಾಗಿ ಬೇಕಾದ ವಿದ್ಯೆಯಾಗಿರಲಿಲ್ಲ. ನಾಡಿ, ನಾಲಗೆ, ಮುಖಲಕ್ಷಣ ನೋಡಿ ರೋಗ ಹೇಳುವುದೇ ವಾಡಿಕೆ. ಬೆನ್ಸ್ ಜೋನ್ಸ್ ಮಾತ್ರ ಯೂನಿವರ್ಸಿಟಿ ಕಾಲೇಜಿನ ಥಾಮಸ್ ಗ್ರಹಾಂ ಅವರಲ್ಲಿ ರಸಾಯನಶಾಸ್ತ್ರ ಕಲಿತರು. 1841ರಲ್ಲಿ ಜರ್ಮನಿಯ ಗೀಸೆನ್ ನಗರಕ್ಕೆ ತೆರಳಿ ಯೂಸ್ಟಸ್ ಫಾನ್ ಲೀಬಿಗ್ ಅವರ ಶಿಷ್ಯರಾದರು. ಜೀವಿಗಳ ದೇಹದಲ್ಲಿ ನಡೆಯುವುದನ್ನು ರಾಸಾಯನಿಕ ಕ್ರಿಯೆಗಳಾಗಿ ವಿವರಿಸಬಹುದೆಂದು ಸಾರುತ್ತಿದ್ದ ಲೀಬಿಗ್ ಅವರ ಪ್ರಯೋಗಾಲಯ ಆಗ ಯುರೋಪಿನಾದ್ಯಂತ ಹೆಸರಾಗಿತ್ತು. ಅಲ್ಲಿಂದ ಮರಳಿದ ಮೇಲೆ ಮೂತ್ರದ ಕಲ್ಲುಗಳು ಮತ್ತು ಗೌಟ್ ರೋಗದ ಬಗ್ಗೆ ಗುರುವಿನ ತತ್ವಗಳನ್ನು ಅನ್ವಯಿಸಿ 1842ರಲ್ಲಿ ಪುಸ್ತಕ ಬರೆದರು. ಅದೇ ವರ್ಷ ಬಂಧುವೇ ಆಗಿದ್ದ ಲೇಡಿ ಮಿಲಿಸೆಂಟ್ ಅಚಿಸನ್ ಅವರನ್ನು ವಿವಾಹವಾದರು.

ಕೆಲವೇ ವರ್ಷಗಳಲ್ಲಿ ಮೂತ್ರದ ರಾಸಾಯನಿಕ ವಿಶ್ಲೇಷಣೆಗೆ ಲಂಡನ್ನಿನಲ್ಲಿ ಬೆನ್ಸ್ ಜೋನ್ಸ್ ಅವರೇ ತಜ್ಞರೆಂಬ ಮಾತು ವೈದ್ಯರಲ್ಲಿ ಹಬ್ಬಿತು. ತಮಗೆ ಬಿಡಿಸಲಾಗದ ಒಗಟುಗಳನ್ನು ಹಿರಿಯ ವೈದ್ಯರೂ ಅವರಿಗೆ ಕಳುಹಿಸತೊಡಗಿದರು.

ನವೆಂಬರ್ 1, 1845

ಅಂಥ ಒಗಟುಗಳಲ್ಲಿ ಒಂದು ಬಂದದ್ದು 1845ರ ನವೆಂಬರ್ 1ರ ಶನಿವಾರ. ಕಳುಹಿಸಿದವರು ಹೆಸರಾಂತ ವೈದ್ಯ ಡಾ. ಥಾಮಸ್ ವಾಟ್ಸನ್. ಪ್ರಯೋಗನಾಳದಲ್ಲಿ ರೋಗಿಯೊಬ್ಬನ ಮೂತ್ರ, ಜತೆಯಲ್ಲಿ ಕಿರುಪತ್ರ. ಈ ಮೂತ್ರ ಅಸಾಧಾರಣ ಸಾಂದ್ರತೆಯದೆಂದೂ, ನೈಟ್ರಿಕ್ ಆಮ್ಲ ಹಾಕಿದರೆ ಮೊದಲು ತಿಳಿಯಾಗಿ, ಆರಿದ ಮೇಲೆ ಹೆಪ್ಪುಗಟ್ಟುತ್ತದೆಂದೂ, ಕಾಯಿಸಿದರೆ ಮತ್ತೆ ಕರಗುತ್ತದೆಂದೂ ವಿವರಿಸಿದ್ದ ವಾಟ್ಸನ್, ಇದು ಏನಿರಬಹುದೆಂದು ಕೇಳಿದ್ದರು.

ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಹೋಗುವುದು ವೈದ್ಯರಿಗೆ ಆಗಲೇ ತಿಳಿದಿತ್ತು. ಮೂತ್ರಪಿಂಡದ ರೋಗದಲ್ಲಿ ಅದು ಸಾಮಾನ್ಯ. ಆದರೆ ಅಲ್ಬುಮಿನ್ ಕಾಯಿಸಿದರೆ ಹೆಪ್ಪುಗಟ್ಟುತ್ತದೆ. ಬೆಂದ ಮೊಟ್ಟೆಯ ಬಿಳಿಯಂತೆ, ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಕರಗುವುದಿಲ್ಲ. ವಾಟ್ಸನ್ ಕಳುಹಿಸಿದ ವಸ್ತುವಿನದು ತದ್ವಿರುದ್ಧ ನಡತೆ. ಬಿಸಿಯಾದರೆ ಕರಗುವುದು, ತಣ್ಣಗಾದರೆ ಗಟ್ಟಿಯಾಗುವುದು. ಇಂಥ ವಸ್ತುವನ್ನು ಬೆನ್ಸ್ ಜೋನ್ಸ್ ಹಿಂದೆಂದೂ ಕಂಡಿರಲಿಲ್ಲ.

ರೋಗಿಯ ಹದಿನೈದು ತಿಂಗಳ ಯಾತನೆ

ಆ ಮೂತ್ರ ಥಾಮಸ್ ಅಲೆಕ್ಸಾಂಡರ್ ಮೆಕ್‌ಬೀನ್ ಎಂಬ ಲಂಡನ್ನಿನ ದಿನಸಿ ವ್ಯಾಪಾರಿಯದು. ವಯಸ್ಸು 45. ಮಿತವಾದ ಬದುಕಿನ, ಗೌರವಸ್ಥ ಮನುಷ್ಯ. 1844ರ ಸೆಪ್ಟೆಂಬರ್‌ನಲ್ಲಿ ವಿಶ್ರಾಂತಿಗೆಂದು ಹಳ್ಳಿಗಾಡಿಗೆ ಹೋಗಿದ್ದಾಗ ನೆಲದೊಳಗಿನ ಗುಹೆಯೊಂದರಿಂದ ಮೇಲಕ್ಕೆ ಜಿಗಿಯುವಾಗ ಎದೆಯೊಳಗೆ ಏನೋ ಮುರಿದಂತಾಗಿ ನೋವಿನಿಂದ ನರಳಿದ್ದ.

ಎದೆಗೆ ಪಟ್ಟಿ ಹಾಕಲಾಯಿತು. ನೋವು ಮರುಕಳಿಸಿದಾಗ ಆ ಕಾಲದ ಪದ್ಧತಿಯಂತೆ ರಕ್ತ ಹೊರತೆಗೆಯಲಾಯಿತು. ಜಿಗಣೆಗಳನ್ನು ಹಚ್ಚಲಾಯಿತು. ಪರಿಣಾಮವಾಗಿ ತಿಂಗಳುಗಟ್ಟಲೆ ನಿತ್ರಾಣ. 1845ರ ವಸಂತದಲ್ಲಿ ಮತ್ತೆ ಎದೆ, ಪಕ್ಕೆಗಳಲ್ಲಿ ನೋವು. ಮತ್ತೆ ಅದೇ ಬಗೆಯ ಉಪಚಾರ. ಮೈ ಬಿಳುಪೇರಿತು, ದೇಹ ಕೃಶವಾಯಿತು. ಕಬ್ಬಿಣಾಂಶದ ಔಷಧ ಹಾಗೂ ಕ್ವಿನೈನ್ ಕೊಟ್ಟ ಮೇಲೆ ಕೆಲಕಾಲ ಚೇತರಿಸಿಕೊಂಡ ಮೆಕ್‌ಬೀನ್ ಬೇಸಿಗೆಯಲ್ಲಿ ಸ್ಕಾಟ್ಲೆಂಡ್ ಪ್ರವಾಸಕ್ಕೂ ಹೋಗಿಬಂದ. ಶರತ್ಕಾಲದ ಹೊತ್ತಿಗೆ ಸೊಂಟ, ತೊಡೆಗಳಿಗೆ ಇಳಿದ ನೋವು ಅವನನ್ನು ಹಾಸಿಗೆ ಹಿಡಿಸಿತು.

ಅಕ್ಟೋಬರ್ ಕೊನೆಯಲ್ಲಿ ಅವನನ್ನು ಪರೀಕ್ಷಿಸಿದ ಡಾ. ವಿಲಿಯಂ ಮ್ಯಾಕಿಂಟೈರ್ ದೇಹದಲ್ಲಿ ಬಾವು ಇರುವುದನ್ನು ಗಮನಿಸಿ, ಮೂತ್ರಪಿಂಡದ ತೊಂದರೆಯಿರಬಹುದೆಂದು ಶಂಕಿಸಿ, ಮೂತ್ರವನ್ನು ಕಾಯಿಸಿ ನೋಡಿದರು. ಅದರ ವಿಚಿತ್ರ ನಡತೆಯನ್ನು ಮೊದಲು ಕಂಡವರು ಅವರೇ. ಮ್ಯಾಕಿಂಟೈರ್ ಮತ್ತು ವಾಟ್ಸನ್ ಇಬ್ಬರೂ ಬೆನ್ಸ್ ಜೋನ್ಸ್ ಅವರಿಗೆ ಮಾದರಿ ಕಳುಹಿಸಿದರು.

ಇಲ್ಲಿ ಒಂದು ಅಂಶ ಗಮನಾರ್ಹ. ಮೆಕ್‌ಬೀನ್‌ಗೆ ಚಿಕಿತ್ಸೆಯ ಕೊರತೆಯಿರಲಿಲ್ಲ. ನೋವು ಆರಂಭವಾದ ಕೆಲವೇ ವಾರಗಳಲ್ಲಿ, ಅಂದಿನ ಅಳತೆಯಲ್ಲಿ ಉಗ್ರವೆನ್ನಬಹುದಾದ ಚಿಕಿತ್ಸೆಯೇ ನಡೆದಿತ್ತು. ಆದರೆ ರೋಗವೇನೆಂಬುದು ಯಾರಿಗೂ ಗೊತ್ತಿರಲಿಲ್ಲ. ರಕ್ತಹೀನತೆಯತ್ತ ಜಾರುತ್ತಿದ್ದ ದೇಹದಿಂದಲೇ ಮತ್ತಷ್ಟು ರಕ್ತ ತೆಗೆದದ್ದು ಅವನನ್ನು ಇನ್ನಷ್ಟು ಕುಗ್ಗಿಸಿತು. ಬೇಗ ಚಿಕಿತ್ಸೆ ಮಾಡುವುದಕ್ಕೂ ಸರಿಯಾದುದಕ್ಕೆ ಚಿಕಿತ್ಸೆ ಮಾಡುವುದಕ್ಕೂ ಇರುವ ಅಂತರ ಈ ಒಂದು ಪ್ರಕರಣದಲ್ಲೇ ಕಾಣುತ್ತದೆ.

ಬೆನ್ಸ್ ಜೋನ್ಸ್ ನವೆಂಬರ್ ಮಧ್ಯದಲ್ಲಿ ವಾಟ್ಸನ್, ಮ್ಯಾಕಿಂಟೈರ್ ಅವರೊಂದಿಗೆ ರೋಗಿಯನ್ನು ಕಂಡರು. ದೇಹದಿಂದ ಈ ವಸ್ತು ಸೋರಿಹೋಗುವುದನ್ನು ತಡೆಯಲು ಪಟಿಕ ಕೊಟ್ಟು ನೋಡುವಂತೆ ಸೂಚಿಸಿದರು. ಯಾವುದೂ ಫಲ ನೀಡಲಿಲ್ಲ. 1846ರ ಜನವರಿ 1ರಂದು, ಹೊಸ ವರ್ಷದ ದಿನ, ಮೆಕ್‌ಬೀನ್ ತೀರಿಕೊಂಡ. ಮೂತ್ರದಲ್ಲಿ ಅಲ್ಬುಮಿನ್ ಹೋಗಿ ದೇಹ ಸವೆದದ್ದೇ ಸಾವಿನ ಕಾರಣವೆಂದು ಮರಣಪತ್ರದಲ್ಲಿ ದಾಖಲಾಯಿತು. ರೋಗಕ್ಕೆ ಇನ್ನೂ ಹೆಸರೇ ಇರಲಿಲ್ಲ.

ಮರಣೋತ್ತರ ಪರೀಕ್ಷೆಯಲ್ಲಿ ಪಕ್ಕೆಲುಬುಗಳು ಚಾಕುವಿಗೆ ಸಲೀಸಾಗಿ ಕೊಯ್ಯಲು ಬರುವಷ್ಟು ಮೆತ್ತಗಾಗಿದ್ದವು. ಅವುಗಳ ಒಳಗೆ ಲೋಳೆಯಂಥ ಕೆಂಪು ಪದಾರ್ಥ ತುಂಬಿಕೊಂಡಿತ್ತು. ಶಸ್ತ್ರವೈದ್ಯ ಜಾನ್ ಡಾಲ್ರಿಂಪಲ್ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ದುಂಡಗಿನ ಹಾಗೂ ಮೊಟ್ಟೆಯಾಕಾರದ ಕೋಶಗಳನ್ನೂ, ಕೆಲವು ಕೋಶಗಳಲ್ಲಿ ಎರಡು ಮೂರು ಬೀಜಕೇಂದ್ರಗಳಿರುವುದನ್ನೂ ವಿವರಿಸಿದರು. ಮೂತ್ರಪಿಂಡಗಳು ಮಾತ್ರ ಬರಿಗಣ್ಣಿಗೆ ಆರೋಗ್ಯವಾಗಿಯೇ ಕಂಡವು. ಅಂದರೆ ಮೂತ್ರದಲ್ಲಿ ಹೋಗುತ್ತಿದ್ದ ಆ ವಸ್ತುವಿನ ಮೂಲ ಮೂತ್ರಪಿಂಡವಲ್ಲ, ಬೇರೆಲ್ಲೋ ಇದೆ.

ತಪ್ಪಿದ ವಿವರಣೆ, ತಪ್ಪದ ಅವಲೋಕನ

ಬೆನ್ಸ್ ಜೋನ್ಸ್ ತಮ್ಮ ಸಂಶೋಧನೆಯನ್ನು 1847ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿಯೂ 1848ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿಯೂ ಪ್ರಕಟಿಸಿದರು. ಒಂದು ಸಾವಿರ ಭಾಗ ಮೂತ್ರದಲ್ಲಿ ಸುಮಾರು 67 ಭಾಗ ಈ ವಸ್ತು ಇತ್ತೆಂದು ಅವರು ತೂಗಿ ನಿರ್ಧರಿಸಿದ್ದರು. ಆರೋಗ್ಯವಂತನ ರಕ್ತದಲ್ಲಿರುವ ಅಲ್ಬುಮಿನ್‌ನಷ್ಟೇ ಪ್ರಮಾಣ ಈತನ ಮೂತ್ರದಲ್ಲಿ ಹರಿದುಹೋಗುತ್ತಿತ್ತು. ಮೂಳೆ ಮೆತ್ತಗಾಗುವ ರೋಗದಲ್ಲಿ ಮೂತ್ರದಲ್ಲಿ ಈ ವಸ್ತುವನ್ನು ಮತ್ತೆ ಹುಡುಕಬೇಕೆಂದು ಅವರು ಒತ್ತಿ ಹೇಳಿದರು.

ಅದು ಅಲ್ಬುಮಿನ್‌ನ ಆಕ್ಸೈಡ್ ರೂಪವೆಂಬುದು ಅವರ ತೀರ್ಮಾನವಾಗಿತ್ತು. ಈ ತೀರ್ಮಾನ ತಪ್ಪೆಂದು ಕಾಲಾಂತರದಲ್ಲಿ ತಿಳಿಯಿತು. ಪ್ರೋಟೀನ್‌ಗಳ ರಚನೆಯೇ ಅರಿಯದಿದ್ದ ಕಾಲದಲ್ಲಿ ಸರಿಯುತ್ತರ ದೊರೆಯುವಂತೆಯೂ ಇರಲಿಲ್ಲ. ಆದರೆ ಅವರ ಅವಲೋಕನ, ಅಳತೆ, ಮತ್ತೆ ಹುಡುಕಿರೆಂಬ ಸೂಚನೆ ಇವು ಮೂರೂ ನಿಂತವು.

ಮ್ಯಾಕಿಂಟೈರ್ ರೋಗಿಯ ಸಂಪೂರ್ಣ ವೃತ್ತಾಂತವನ್ನು ಪ್ರಕಟಿಸಿದ್ದು 1850ರಲ್ಲಿ. ಮೂತ್ರದ ವಿಚಿತ್ರವನ್ನು ಮೊದಲು ಗಮನಿಸಿದ ಅವರ ಹೆಸರು ಮರೆಯಾಗಿ, ಅದನ್ನು ತೂಗಿ ಪ್ರಕಟಿಸಿದ ಬೆನ್ಸ್ ಜೋನ್ಸ್ ಹೆಸರು ಉಳಿಯಿತು. ರಷ್ಯಾ ಮೂಲದ ರುಸ್ಟಿಜ್‌ಸ್ಕಿ ಈ ರೋಗಕ್ಕೆ ಮಲ್ಟಿಪಲ್ ಮೈಲೋಮಾ ಎಂಬ ಹೆಸರನ್ನು ಬಳಸಿದ್ದು 1873ರಲ್ಲಿ, ಅಂದರೆ ಬೆನ್ಸ್ ಜೋನ್ಸ್ ತೀರಿಕೊಂಡ ವರ್ಷ.

ಡಾರ್ವಿನ್ ವೈದ್ಯ, ಫ್ಯಾರಡೆ ಗೆಳೆಯ

ತಮ್ಮ ಜೀವಿತಕಾಲದಲ್ಲಿ ಬೆನ್ಸ್ ಜೋನ್ಸ್ ಪ್ರಸಿದ್ಧರಾಗಿದ್ದುದು ಈ ಪ್ರೋಟೀನ್‌ನಿಂದಲ್ಲ. 1846ರಲ್ಲಿ ಅವರು ಸೇಂಟ್ ಜಾರ್ಜ್ ಆಸ್ಪತ್ರೆಯ ವೈದ್ಯರಾದರು. ಅದೇ ವರ್ಷ ರಾಯಲ್ ಸೊಸೈಟಿಯ ಫೆಲೊ ಗೌರವವೂ ಒಲಿಯಿತು. ಲಂಡನ್ನಿನ ಗಣ್ಯರು ಅವರ ಬಳಿ ಚಿಕಿತ್ಸೆಗೆ ಬರುತ್ತಿದ್ದರು. ರಸಾಯನಶಾಸ್ತ್ರ ಬಲ್ಲ ವೈದ್ಯರಲ್ಲಿ ಅವರನ್ನು ಮೀರಿಸಿದವರಿಲ್ಲವೆಂಬುದು ಫ್ಲಾರೆನ್ಸ್ ನೈಟಿಂಗೇಲ್ ಅವರ ಅಭಿಪ್ರಾಯವಾಗಿತ್ತು. 1852ರಲ್ಲಿ ಡಾ. ಚಾರ್ಲ್ಸ್ ವೆಸ್ಟ್ ಅವರ ಮುಂದಾಳತ್ವದಲ್ಲಿ ಗ್ರೇಟ್ ಆರ್ಮಂಡ್ ಸ್ಟ್ರೀಟ್‌ನ ಮಕ್ಕಳ ಆಸ್ಪತ್ರೆ ಆರಂಭವಾದಾಗ ಅದರ ಸ್ಥಾಪನೆಗೆ ನೆರವಾದವರಲ್ಲಿ ಅವರೂ ಒಬ್ಬರು.

ವಿಕಾಸವಾದದ ಜನಕ ಚಾರ್ಲ್ಸ್ ಡಾರ್ವಿನ್ ಬಹುಕಾಲ ಹೊಟ್ಟೆಯ ತೊಂದರೆಯಿಂದ ನರಳುತ್ತಿದ್ದುದು ಸರ್ವವಿದಿತ. 1865ರ ಸುಮಾರಿಗೆ ಅವರು ಬೆನ್ಸ್ ಜೋನ್ಸ್ ಅವರ ಚಿಕಿತ್ಸೆಗೆ ಒಳಗಾದರು. ಬೆನ್ಸ್ ಜೋನ್ಸ್ ವಿಧಿಸಿದ್ದು ಕಟ್ಟುನಿಟ್ಟಾದ ಪಥ್ಯ. ಊಟ ತೀರ ಕಡಿಮೆಯಾದರೂ ಡಾರ್ವಿನ್ ಆರೋಗ್ಯ ಸುಧಾರಿಸಿತು. ಮರುವರ್ಷ ಈ ವೈದ್ಯರ ಸಲಹೆಯಂತೆಯೇ ಡಾರ್ವಿನ್ ಕುದುರೆ ಸವಾರಿಯನ್ನೂ ಆರಂಭಿಸಿದರು.

ವಿಜ್ಞಾನಿ ಮೈಕೆಲ್ ಫ್ಯಾರಡೆ ಅವರೊಂದಿಗೆ ಬೆನ್ಸ್ ಜೋನ್ಸ್ ಅವರದು ಆತ್ಮೀಯ ಸ್ನೇಹ. 1860ರಿಂದ ರಾಯಲ್ ಇನ್‌ಸ್ಟಿಟ್ಯೂಷನ್‌ನ ಕಾರ್ಯದರ್ಶಿಯಾಗಿ ಫ್ಯಾರಡೆ ದುಡಿದ ಸಂಸ್ಥೆಯನ್ನೇ ಮುನ್ನಡೆಸಿದರು. ಗೆಳೆಯನ ನಿಧನಾನಂತರ 1870ರಲ್ಲಿ ಅವರ ಜೀವನ ಹಾಗೂ ಪತ್ರಗಳ ಎರಡು ಸಂಪುಟಗಳನ್ನು ಹೊರತಂದರು. ಫ್ಯಾರಡೆ ಬಗ್ಗೆ ಬರೆಯುವವರಿಗೆಲ್ಲ ಇಂದಿಗೂ ಆಕರವಾಗಿರುವ ಗ್ರಂಥವದು.

ಅವರ ಅಳತೆಯ ಹುಚ್ಚಿಗೆ ಒಳ್ಳೆಯ ನಿದರ್ಶನ ಲಿಥಿಯಂ ಪ್ರಯೋಗ. ಔಷಧ ಬಾಯಿಗೆ ಹಾಕಿದ ಮೇಲೆ ದೇಹದ ಯಾವ ಭಾಗವನ್ನು ಎಷ್ಟು ಹೊತ್ತಿಗೆ ತಲುಪುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಲು 1860ರ ದಶಕದಲ್ಲಿ ಅವರು ಗಿನಿಯಿಲಿಗಳಿಗೆ ಲಿಥಿಯಂ ಲವಣ ತಿನ್ನಿಸಿ, ಅವುಗಳ ಅಂಗಾಂಶಗಳನ್ನು ಆಗಷ್ಟೇ ಬಳಕೆಗೆ ಬಂದಿದ್ದ ರೋಹಿತದರ್ಶಕದಲ್ಲಿ ಪರೀಕ್ಷಿಸಿದರು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗಳಿಗೆ ಅದೇ ಲವಣ ನೀಡಿ, ಹೊರತೆಗೆದ ಮಸೂರದಲ್ಲಿ ಲಿಥಿಯಂ ಇದೆಯೇ ಎಂದು ನೋಡಿದರು. ಊಹೆಯಿಂದ ಔಷಧ ಕೊಡುವ ಕಾಲದಲ್ಲಿ ಅದರ ಹಾದಿಯನ್ನೇ ಅಳೆಯಹೊರಟ ವೈದ್ಯರು ವಿರಳ.

ಇತ್ತ ಹೃದಯ ಸೋಲುತ್ತ ಬಂದಿತ್ತು. 1862ರಲ್ಲಿ ಆಸ್ಪತ್ರೆಯ ಹುದ್ದೆಯನ್ನು ತೊರೆಯಬೇಕಾಯಿತು. ಬರವಣಿಗೆ, ಸಂಸ್ಥೆಯ ಕೆಲಸ ಮಾತ್ರ ನಿಲ್ಲಲಿಲ್ಲ. 1873ರ ಏಪ್ರಿಲ್ 20ರಂದು ಲಂಡನ್ನಿನಲ್ಲಿ ತಮ್ಮ 59ನೆಯ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು. ಮೆಕ್‌ಬೀನ್ ಮೂತ್ರದ ಆ ವಸ್ತುವಿಗೆ ಅವರ ಹೆಸರು ಸೇರಿಕೊಂಡಿದ್ದು ಆಮೇಲೆ.

ಒಗಟು ಬಿಡಿಸಿದ ಇಪ್ಪತ್ತನೆಯ ಶತಮಾನ

ವಾಟ್ಸನ್ ಕೇಳಿದ ಪ್ರಶ್ನೆಗೆ ಪೂರ್ಣ ಉತ್ತರ ದೊರೆಯಲು 117 ವರ್ಷ ಬೇಕಾಯಿತು. 1962ರಲ್ಲಿ ಅಮೆರಿಕದ ಜೆರಾಲ್ಡ್ ಎಡೆಲ್‌ಮನ್ ಮತ್ತು ಜೋಸೆಫ್ ಗ್ಯಾಲಿ, ಬೆನ್ಸ್ ಜೋನ್ಸ್ ಪ್ರೋಟೀನ್ ಎಂದರೆ ಪ್ರತಿಕಾಯದ ಒಂದು ತುಣುಕೆಂದು ತೋರಿಸಿದರು. ರೋಗಾಣುಗಳ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನು ತಯಾರಿಸುವುದು ಮೂಳೆಯ ಮಜ್ಜೆಯಲ್ಲಿರುವ ಪ್ಲಾಸ್ಮಾ ಕೋಶಗಳು. ಪ್ರತಿಯೊಂದು ಪ್ರತಿಕಾಯದಲ್ಲಿಯೂ ಭಾರದ ಸರಪಳಿ, ಹಗುರ ಸರಪಳಿ ಎಂಬ ಭಾಗಗಳಿರುತ್ತವೆ. ಒಂದು ಪ್ಲಾಸ್ಮಾ ಕೋಶ ಹದ್ದುಮೀರಿ ವಂಶ ಬೆಳೆಸಿದಾಗ ಒಂದೇ ಬಗೆಯ ಪ್ರೋಟೀನ್ ರಕ್ತದಲ್ಲಿ ತುಂಬಿಕೊಳ್ಳುತ್ತದೆ. ಹೆಚ್ಚುವರಿ ಹಗುರ ಸರಪಳಿಗಳು ಮೂತ್ರಕ್ಕೆ ಸೋರುತ್ತವೆ. ಬೆನ್ಸ್ ಜೋನ್ಸ್ ತೂಗಿದ್ದು ಇವನ್ನೇ.

ಡಾಲ್ರಿಂಪಲ್ ಮೂಳೆಯಲ್ಲಿ ಕಂಡ ದುಂಡು ಕೋಶಗಳೂ, ಬೆನ್ಸ್ ಜೋನ್ಸ್ ಮೂತ್ರದಲ್ಲಿ ಕಂಡ ವಸ್ತುವೂ ಒಂದೇ ರೋಗದ ಎರಡು ಮುಖಗಳೆಂಬುದು ಹೀಗೆ ಖಚಿತವಾಯಿತು. ಪ್ರತಿಕಾಯಗಳ ರಚನೆಯನ್ನು ಬಿಡಿಸಿದ್ದಕ್ಕಾಗಿ ಎಡೆಲ್‌ಮನ್ ಅವರಿಗೆ ರಾಡ್ನಿ ಪೋರ್ಟರ್ ಅವರೊಂದಿಗೆ 1972ರ ನೊಬೆಲ್ ಪ್ರಶಸ್ತಿ ದೊರೆಯಿತು.

ಬೂದಿ ಮುಚ್ಚಿದ ಕೆಂಡ

ಪರೀಕ್ಷೆಗಳು ಸೂಕ್ಷ್ಮವಾದಂತೆ ಇನ್ನೊಂದು ಸತ್ಯ ಹೊರಬಿದ್ದಿತು. ಯಾವ ನೋವೂ ಇಲ್ಲದ, ಆರೋಗ್ಯವಾಗಿಯೇ ಇರುವ ಹಲವರ ರಕ್ತದಲ್ಲಿಯೂ ಇಂಥ ಅಸಹಜ ಪ್ರೋಟೀನ್ ಇರುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್‌ನ ಡಾ. ರಾಬರ್ಟ್ ಕೈಲ್ 1978ರಲ್ಲಿ ಈ ಸ್ಥಿತಿಯನ್ನು ವಿವರಿಸಿ ಎಂಜಿಯುಎಸ್ ಎಂದು ಹೆಸರಿಟ್ಟರು. ಅವರ ತಂಡದ ಅಧ್ಯಯನದ ಪ್ರಕಾರ 50 ದಾಟಿದವರಲ್ಲಿ ಶೇ. 3ರಷ್ಟು ಮಂದಿಯಲ್ಲಿ ಇದು ಕಾಣಸಿಗುತ್ತದೆ. ಇವರಲ್ಲಿ ವರ್ಷಕ್ಕೆ ಶೇ. 1ರಷ್ಟು ಮಂದಿಯಲ್ಲಿ ಮಾತ್ರ ಅದು ಮೈಲೋಮಾ ಅಥವಾ ಅಂಥ ರೋಗವಾಗಿ ಬೆಳೆಯುತ್ತದೆ.

ಇದಕ್ಕೂ ಪೂರ್ಣ ರೋಗಕ್ಕೂ ನಡುವೆ ಇರುವ ಹಂತವನ್ನು ಕೈಲ್ ಮತ್ತು ಫಿಲಿಪ್ ಗ್ರೈಪ್ 1980ರಲ್ಲಿ ಸ್ಮೋಲ್ಡರಿಂಗ್ ಮೈಲೋಮಾ ಎಂದು ಕರೆದರು. ಕನ್ನಡದಲ್ಲಿ ಬೂದಿ ಮುಚ್ಚಿದ ಕೆಂಡ ಎನ್ನಬಹುದು. ಮಜ್ಜೆಯಲ್ಲಿ ಅಸಹಜ ಕೋಶಗಳು ಶೇ. 10ಕ್ಕಿಂತ ಹೆಚ್ಚಿರುತ್ತವೆ ಅಥವಾ ರಕ್ತದಲ್ಲಿ ಪ್ರೋಟೀನ್ ಏರಿರುತ್ತದೆ. ಮೂಳೆ, ಮೂತ್ರಪಿಂಡಗಳಿಗೆ ಮಾತ್ರ ಇನ್ನೂ ಧಕ್ಕೆಯಾಗಿರುವುದಿಲ್ಲ. ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ ಸುಮಾರು ಶೇ. 10ರಷ್ಟು ಮಂದಿಯಲ್ಲಿ ಈ ಕೆಂಡ ಉರಿಯಾಗುತ್ತದೆ. ಆ ಬಳಿಕ ಅಪಾಯ ಇಳಿಯುತ್ತ ಹೋಗುತ್ತದೆ. ಉಳಿದವರು ಅದನ್ನು ಮೈಯಲ್ಲಿಟ್ಟುಕೊಂಡೇ ದೀರ್ಘಕಾಲ ಬಾಳುವುದೂ ಉಂಟು.

ಹಾಗಾದರೆ ಕೆಂಡವನ್ನು ಕಂಡಕೂಡಲೇ ನೀರು ಹಾಕಬಾರದೇಕೆ? ಈ ಪ್ರಶ್ನೆಗೆ ವೈದ್ಯಲೋಕ ದಶಕಗಳ ಕಾಲ ನೀಡಿದ ಉತ್ತರ ಕಾದು ನೋಡಿ ಎಂಬುದೇ. ಹಳೆಯ ಔಷಧವಾದ ಮೆಲ್ಫಲಾನ್ ಮೊದಲೇ ಕೊಟ್ಟು ನೋಡಿದ 1990ರ ದಶಕದ ಪ್ರಯೋಗಗಳಲ್ಲಿ ಆಯುಷ್ಯ ಹೆಚ್ಚಲಿಲ್ಲ. ಲಾಭವಿಲ್ಲದೆ ವಿಷದಂಥ ಔಷಧ ನುಂಗಿಸುವುದು ನ್ಯಾಯವಲ್ಲವೆಂಬ ನಿಲುವಿಗೆ ವೈದ್ಯರು ಬಂದರು.

ಹೊಸ ಔಷಧಗಳು ಈ ನಿಲುವನ್ನು ಅಲುಗಾಡಿಸಿದವು. 2013ರಲ್ಲಿ ಸ್ಪೇನ್‌ನ ಡಾ. ಮರಿಯಾ ವಿಕ್ಟೋರಿಯಾ ಮಟೇವೋಸ್ ನೇತೃತ್ವದ ತಂಡ, ಅಪಾಯ ಹೆಚ್ಚಿರುವ 119 ಮಂದಿಯ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿತು. ಲೆನಲಿಡೊಮೈಡ್ ಮತ್ತು ಡೆಕ್ಸಾಮೆಥಸೋನ್ ಔಷಧಗಳನ್ನು ಮೊದಲೇ ಪಡೆದವರಲ್ಲಿ ಮೂರು ವರ್ಷಗಳ ಬಳಿಕ ಬದುಕುಳಿದವರು ಶೇ. 94, ಕಾದು ನೋಡಿದವರಲ್ಲಿ ಶೇ. 80.

ಇನ್ನೂ ಮುಂದೆ ಹೋದ ಪ್ರಯೋಗಗಳೂ ನಡೆದವು. ಸ್ಪೇನಿನಲ್ಲೇ ನಡೆದ ಜೆಮ್-ಸೀಸರ್ ಎಂಬ ಅಧ್ಯಯನದಲ್ಲಿ 90 ಮಂದಿಗೆ ಮೂರು ಔಷಧಗಳ ಜತೆ, ಅಧಿಕ ಪ್ರಮಾಣದ ಮೆಲ್ಫಲಾನ್ ನೀಡಿ ಸ್ವಂತ ಆಕರಕೋಶಗಳ ಕಸಿ ಮಾಡುವ ಯೋಜನೆಯಿತ್ತು. ಪೂರ್ಣ ಪ್ರಮಾಣದ ಕ್ಯಾನ್ಸರ್‌ಗೆ ಮಾಡುವ ಚಿಕಿತ್ಸೆಯನ್ನೇ ರೋಗಲಕ್ಷಣವಿಲ್ಲದವರಿಗೆ ನೀಡಿ, ರೋಗವನ್ನು ಬೇರುಸಹಿತ ಕೀಳುವುದು ಇದರ ಆಶಯ. ಅಮೆರಿಕದ ಅಸೆಂಟ್ ಎಂಬ ಅಧ್ಯಯನ ಕಸಿಯಿಲ್ಲದೆ ನಾಲ್ಕು ಔಷಧಗಳನ್ನು ಒಟ್ಟಿಗೆ ಬಳಸಿತು. ಫಲಿತಾಂಶಗಳು ಆಶಾದಾಯಕವಾಗಿದ್ದವು. ಆದರೆ ಚಿಕಿತ್ಸೆ ಪಡೆಯದವರೊಂದಿಗೆ ಹೋಲಿಸುವ ವ್ಯವಸ್ಥೆ ಈ ಎರಡರಲ್ಲೂ ಇರಲಿಲ್ಲ. ಚಿಕಿತ್ಸೆಯಿಲ್ಲದೆಯೂ ಕೆಲವರು ಚೆನ್ನಾಗಿಯೇ ಇರುತ್ತಿದ್ದರಲ್ಲವೇ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಹೋಲಿಕೆಯೊಂದಿಗೆ ನಡೆದ ಅಕ್ವಿಲಾ ಅಧ್ಯಯನ 2024ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಅಪಾಯ ಹೆಚ್ಚಿರುವ 390 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಡಾರಾಟುಮುಮಾಬ್ ಎಂಬ ಒಂದೇ ಔಷಧವನ್ನು ಚುಚ್ಚುಮದ್ದಾಗಿ ನೀಡಲಾಯಿತು. ಐದು ವರ್ಷಗಳ ಬಳಿಕ ಅವರಲ್ಲಿ ಶೇ. 63ರಷ್ಟು ಮಂದಿ ರೋಗ ಉಲ್ಬಣಿಸದೆ ಬದುಕಿದ್ದರು; ಕಾದು ನೋಡಿದವರಲ್ಲಿ ಈ ಪ್ರಮಾಣ ಶೇ. 41. ಇದರ ಆಧಾರದ ಮೇಲೆ 2025ರಲ್ಲಿ ಯುರೋಪ್ ಮತ್ತು ಅಮೆರಿಕಗಳಲ್ಲಿ ಈ ಹಂತದ ಚಿಕಿತ್ಸೆಗೆ ಅನುಮತಿ ದೊರೆಯಿತು. ಇದೇ ಅಂಕಿಗಳನ್ನು ತಿರುವಿ ಓದಿದರೆ, ಔಷಧವಿಲ್ಲದೆಯೂ ಹತ್ತರಲ್ಲಿ ನಾಲ್ವರು ಐದು ವರ್ಷ ಸುರಕ್ಷಿತವಾಗಿಯೇ ಇದ್ದರೆಂಬುದೂ ಗೋಚರಿಸುತ್ತದೆ. ಯಾರು ಆ ನಾಲ್ವರು ಎಂಬುದನ್ನು ಮೊದಲೇ ಹೇಳಬಲ್ಲ ಪರೀಕ್ಷೆಗಾಗಿ ಸಂಶೋಧಕರು ಹುಡುಕುತ್ತಿದ್ದಾರೆ.

ಅದೇ ಪ್ರೋಟೀನ್, ಹೊಸ ತಕ್ಕಡಿ

ಈ ತೀರ್ಮಾನದಲ್ಲಿ ಬೆನ್ಸ್ ಜೋನ್ಸ್ ಕಂಡ ವಸ್ತುವಿಗೆ ಮಹತ್ವದ ಪಾತ್ರವಿದೆ. ಅವರು ಮೂತ್ರದಲ್ಲಿ ತೂಗಿದ ಹಗುರ ಸರಪಳಿಗಳನ್ನು ಈಗ ರಕ್ತದಲ್ಲಿಯೇ, ಲೀಟರಿಗೆ ಕೆಲವು ಮಿಲಿಗ್ರಾಂ ಇದ್ದರೂ ಅಳೆಯಬಹುದು. ಕಪ್ಪಾ, ಲ್ಯಾಂಬ್ಡಾ ಎಂಬ ಎರಡು ಬಗೆಯ ಹಗುರ ಸರಪಳಿಗಳ ಪೈಕಿ ರೋಗದ ಬಗೆ ಇನ್ನೊಂದಕ್ಕಿಂತ ನೂರು ಪಟ್ಟು ಅಥವಾ ಹೆಚ್ಚಿದ್ದರೆ, ಮೂಳೆ ಮುರಿಯುವವರೆಗೆ ಕಾಯದೆ ಅದನ್ನು ಮೈಲೋಮಾ ಎಂದೇ ಪರಿಗಣಿಸಿ ಚಿಕಿತ್ಸೆ ಆರಂಭಿಸಬೇಕೆಂದು ಅಂತಾರಾಷ್ಟ್ರೀಯ ತಜ್ಞರ ಕೂಟ 2014ರಲ್ಲಿ ನಿರ್ಧರಿಸಿತು. ಮಜ್ಜೆಯಲ್ಲಿ ಅಸಹಜ ಕೋಶಗಳು ಶೇ. 60 ಮುಟ್ಟಿದ್ದರೆ, ಅಥವಾ ಎಂಆರ್‌ಐ ಚಿತ್ರದಲ್ಲಿ ಒಂದಕ್ಕಿಂತ ಹೆಚ್ಚು ಗಾಯಗಳು ಕಂಡರೆ ಕೂಡ ಇದೇ ನಿಯಮ.

ಅದಕ್ಕಿಂತ ಕೆಳಗಿನ ಹಂತದಲ್ಲಿ ಮೇಯೊ ಕ್ಲಿನಿಕ್‌ನ ಸೂತ್ರವೊಂದು ಬಳಕೆಯಲ್ಲಿದೆ. ಮಜ್ಜೆಯಲ್ಲಿ ಶೇ. 20ಕ್ಕಿಂತ ಹೆಚ್ಚು ಅಸಹಜ ಕೋಶಗಳು, ರಕ್ತದ ಡೆಸಿಲೀಟರಿಗೆ 2 ಗ್ರಾಂಗಿಂತ ಹೆಚ್ಚು ಅಸಹಜ ಪ್ರೋಟೀನ್, ಹಗುರ ಸರಪಳಿಗಳ ಅನುಪಾತ 20ಕ್ಕಿಂತ ಅಧಿಕ. ಈ ಮೂರರಲ್ಲಿ ಎರಡಾದರೂ ಇದ್ದರೆ ಅಪಾಯ ಹೆಚ್ಚು. ಅಂಥವರಲ್ಲಿ ಸುಮಾರು ಶೇ. 45ರಷ್ಟು ಮಂದಿಗೆ ಎರಡು ವರ್ಷದೊಳಗೆ ರೋಗ ಉಲ್ಬಣಿಸುತ್ತದೆ. ಉಳಿದವರಿಗೆ ನಿಯಮಿತ ತಪಾಸಣೆಯೇ ಸಾಕೆಂಬುದು ಬಹುತೇಕ ವೈದ್ಯರ ಅಭಿಮತ. ಇಂಥ ವರದಿ ಕೈಗೆ ಬಂದವರು ಗಾಬರಿಗೊಳ್ಳದೆ, ಉದಾಸೀನವನ್ನೂ ಮಾಡದೆ, ರಕ್ತರೋಗ ತಜ್ಞರನ್ನು ಕಂಡು ತಮ್ಮ ಅಪಾಯದ ಮಟ್ಟವನ್ನು ಕೇಳಿ ತಿಳಿಯುವುದು ಮೇಲು.

1845ರಲ್ಲಿ ವೈದ್ಯರ ಬಳಿ ಚಿಕಿತ್ಸೆಗಳಿದ್ದವು, ಅಳತೆಯಿರಲಿಲ್ಲ. ಬೆನ್ಸ್ ಜೋನ್ಸ್ ಅಳತೆಯನ್ನು ತಂದರು. ಆದರೆ ಅಷ್ಟರಲ್ಲಿ ರೋಗಿಯ ಬದುಕು ಮುಗಿಯುತ್ತ ಬಂದಿತ್ತು. ಇಂದು ಅದೇ ಅಳತೆ ನೋವಿಗಿಂತ ವರ್ಷಗಳಷ್ಟು ಮೊದಲೇ ಕೈಗೆ ಸಿಗುತ್ತಿದೆ. ತೀವ್ರ ಚಿಕಿತ್ಸೆ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ತೂಗಿ ಹೇಳುವ ಹೊಣೆ ಅದರೊಂದಿಗೇ ಬಂದಿದೆ. ಕಂಡದ್ದನ್ನು ಅಳೆದು, ದಾಖಲಿಸಿ, ಮತ್ತೆ ಹುಡುಕಿರೆಂದು ಮುಂದಿನವರಿಗೆ ಬಿಟ್ಟುಹೋದ ಲಂಡನ್ನಿನ ಆ ವೈದ್ಯರ ಹೆಸರು ಪ್ರಯೋಗಾಲಯದ ಚೀಟಿಗಳಲ್ಲಿ ಉಳಿದಿರುವುದು ಉಚಿತವೇ ಆಗಿದೆ.